ಬಟವಾಡೆ ಮುಗಿದ ಮೇಲೆ: ಓದುಗರ ಪ್ರಶ್ನೆ, ರೈಟರ ಉತ್ತರ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಮಳೆಯಲ್ಲಿ ನೆಂದೇ ಬಂದಿವೆ. ಒಂದು ಕಾಗದದ ಶಾಯಿ ಹರಡಿ ಕೊನೆಯ ಮೂರು ಸಾಲು ಬರೀ ನೀಲಿ ಕಲೆ. ನನ್ನ ಹೆಂಡತಿ ಅದನ್ನು ಒಲೆ ಪಕ್ಕದ ಹಗ್ಗದ ಮೇಲೆ ನನ್ನ ಬನಿಯನ್ನಿನ ಜೊತೆ ಒಣಗಲು ಹಾಕಿದ್ದಳು. ಪ್ರಶ್ನೆ ಅರ್ಧ ಸಿಕ್ಕಿದೆ, ಉತ್ತರ ಎಷ್ಟು ಸಿಗುತ್ತದೋ ನೋಡೋಣ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ 1976ರಿಂದ 2012ರವರೆಗೆ ರೈಟರ್ ಆಗಿದ್ದವನು. ಕೊಡಗಿನ ಹೊರಗಿನವರು ರೈಟರ್ ಅಂದರೆ ಕಥೆ ಬರೆಯುವವನು ಅಂದುಕೊಳ್ಳುತ್ತಾರೆ. ನಾನು ಬರೆದದ್ದು ಚೆಕ್‌ರೋಲ್. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾರಿಗೆ ಅರ್ಧ ದಿನ, ಯಾರು ಎಷ್ಟು ಕೆ.ಜಿ. ಹಣ್ಣು ಕುಯ್ದರು, ಇಷ್ಟೇ. ಮೂವತ್ತಾರು ವರ್ಷ ಬೇರೆಯವರ ಹಣ ಎಣಿಸಿದವನಿಗೆ ತನ್ನ ಹಣದ ಲೆಕ್ಕ ಗೊತ್ತಾದದ್ದು ನಿವೃತ್ತಿಯಾದ ಮೇಲೆ, ಒಂದೆರಡು ಪೆಟ್ಟು ತಿಂದು. ಆದ್ದರಿಂದ ನನ್ನ ಮಾತನ್ನು ಪಂಡಿತರ ಮಾತು ಅಂತ ತೆಗೆದುಕೊಳ್ಳಬೇಡಿ.

ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದೆ. ಒಟ್ಟಿಗೆ ಒಂದಿಷ್ಟು ಹಣ ಬಂದಿದೆ. ಮಗ ಮನೆ ಹಿಂದಿನ ಜಾಗದಲ್ಲಿ ಹೋಂಸ್ಟೇ ಕಟ್ಟೋಣ ಅನ್ನುತ್ತಾನೆ. ಕೊಡದಿದ್ದರೆ ಅವನ ಮನಸ್ಸು ಕೆಡುತ್ತದೆ, ಕೊಟ್ಟರೆ ನನ್ನ ನಿದ್ದೆ ಕೆಡುತ್ತದೆ. ಏನು ಮಾಡಲಿ?
– ನಿವೃತ್ತ ಶಿಕ್ಷಕಿ, ಮಡಿಕೇರಿ

ಟೀಚರೇ, ಮೊದಲು ನನ್ನ ಶುಂಠಿ ಕಥೆ ಕೇಳಿ.

ನಾನು ಬಿಡುವಾಗ ನನ್ನ ಸಂಬಳ 7,800 ರೂಪಾಯಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ಹಣ, ಅದರ ಲೆಕ್ಕ ನಾನೇ ಹಾಕಿದೆ, ಬೇರೆಯವರಿಗೆ ಎಷ್ಟೋ ಸಲ ಹಾಕಿಕೊಟ್ಟವನು. ತಿಂಗಳ ಸಂಬಳವನ್ನು 26ರಿಂದ ಭಾಗಿಸಿದರೆ ದಿನಕ್ಕೆ 300. ವರ್ಷಕ್ಕೆ ಹದಿನೈದು ದಿನದ ಹಾಗೆ 4,500. ಮೂವತ್ತಾರು ವರ್ಷಕ್ಕೆ 1,62,000. ಚೆಕ್ಕು ಕೈಗೆ ಬಂದ ದಿನ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಮೂರು ಸಲ ಮುಟ್ಟಿ ನೋಡಿಕೊಂಡೆ. ಅದಾಗಿ ಎಂಟು ದಿನಕ್ಕೆ ನನ್ನ ಭಾವ ಬಂದರು. ಪಿರಿಯಾಪಟ್ಟಣದ ಕಡೆ ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತೇನೆ, ಅರುವತ್ತು ಸಾವಿರ ಕೊಡು, ಬೆಳೆ ಬಂದ ಮೇಲೆ ಒಂದಕ್ಕೆ ಒಂದೂವರೆ ಮಾಡಿ ಕೊಡುತ್ತೇನೆ ಅಂದರು. ಅವರು ಸುಳ್ಳು ಹೇಳುವ ಮನುಷ್ಯ ಅಲ್ಲ. ಸುಳ್ಳು ಹೇಳಿದ್ದು ಶುಂಠಿ. ಕೊಳೆ ಬಂತು, ಉಳಿದದ್ದಕ್ಕೆ ರೇಟು ಬರಲಿಲ್ಲ. ಮುಂದಿನ ನಾಲ್ಕು ವರ್ಷ ಆ ಹಣ ಎರಡು ಸಾವಿರ, ಮೂರು ಸಾವಿರ, ಒಮ್ಮೆ ಒಂದು ಚೀಲ ಸಣ್ಣಕ್ಕಿ, ಹೀಗೆ ಬಂತು. ಹದಿನಾಲ್ಕು ಸಾವಿರ ಇನ್ನೂ ಬಾಕಿ. ಭಾವ ತೀರಿಕೊಂಡರು. ಅಕ್ಕನ ಹತ್ತಿರ ಕೇಳಲು ನನಗೆ ಬಾಯಿ ಬರುವುದಿಲ್ಲ. ಆ ಅಕ್ಕಿ ತುಂಬಾ ಚೆನ್ನಾಗಿತ್ತು, ಅದನ್ನೂ ಹೇಳಬೇಕು.

ನಿಮ್ಮ ಮಗನ ಯೋಜನೆ ಶುಂಠಿಯಂಥದ್ದೇ ಅಂತ ನಾನು ಹೇಳುವುದಿಲ್ಲ. ಮಡಿಕೇರಿಯಲ್ಲಿ ಹೋಂಸ್ಟೇಯಿಂದ ಮನೆ ನಡೆಸುವವರು ಬೇಕಾದಷ್ಟಿದ್ದಾರೆ. ಆದರೆ 2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿತು, ಪ್ರವಾಸಿಗರು ಬರಬೇಡಿ ಅಂತ ಸರ್ಕಾರವೇ ಹೇಳಿತು. ಮರುವರ್ಷ ಮತ್ತೆ ಮಳೆ, ಅದರ ಮರುವರ್ಷ ಕೊರೊನಾ. ಮೂರು ವರ್ಷ ಕೋಣೆಗಳಿಗೆ ಬೀಗ, ಸಾಲದ ಕಂತಿಗೆ ಮಾತ್ರ ಬೀಗ ಇಲ್ಲ. ಆ ವರ್ಷಗಳಲ್ಲಿ ತಾಯಿಯ ಪಿಂಚಣಿಯಿಂದ ಮಗನ ಕಂತು ಕಟ್ಟಿದ ಮನೆ ನಮ್ಮ ಬೀದಿಯಲ್ಲೇ ಎರಡಿದೆ.

ನಾನಾಗಿದ್ದರೆ ಹಣವನ್ನು ಮೂರು ಪಾಲು ಮಾಡುತ್ತಿದ್ದೆ. ಎರಡು ಪಾಲು ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಈಗ ಶೇಕಡ 8.2 ಬಡ್ಡಿ, ಐದು ವರ್ಷ, ಒಬ್ಬರು 30 ಲಕ್ಷದವರೆಗೆ ಇಡಬಹುದು. ಹತ್ತು ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ಬರುತ್ತದೆ. ಉಳಿದ ಒಂದು ಪಾಲು ಮಗನಿಗೆ. ಆದರೆ ಅದನ್ನು ಸಾಲ ಅನ್ನಬೇಡಿ. "ಇಗೋ, ಇದು ನಿನಗೆ ಕೊಟ್ಟದ್ದು, ಇಷ್ಟೇ" ಅಂತ ಸೊಸೆಯ ಎದುರಿಗೇ ಹೇಳಿಬಿಡಿ. ವಾಪಸು ಬರಬೇಕಾದ ಹಣ ಮನೆಯೊಳಗೆ ಇದ್ದರೆ ಊಟಕ್ಕೆ ಕೂತಾಗಲೂ ಅದು ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂರುತ್ತದೆ. ಮಿಕ್ಕಿದ್ದಕ್ಕೆ ಅವನು ಬ್ಯಾಂಕಿಗೆ ಹೋಗಲಿ. ಅವರು ಕೇಳುವ ಕಾಗದ ಜೋಡಿಸುವಷ್ಟು ತಾಳ್ಮೆ ಇದ್ದರೆ ಹೋಂಸ್ಟೇ ನಡೆಸುವ ತಾಳ್ಮೆಯೂ ಇದೆ ಅಂತ ನಿಮಗೆ ಗೊತ್ತಾಗುತ್ತದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸದೆ ಮಾತ್ರ ಶುರು ಮಾಡುವುದು ಬೇಡ.

ನನ್ನ ಅಮ್ಮ ನಲವತ್ತು ವರ್ಷ ತೋಟದಲ್ಲಿ ಕೆಲಸ ಮಾಡಿದವರು. ಪಿ.ಎಫ್. ಪಿಂಚಣಿ ಬರುತ್ತಿದೆ. ಜೀವನ ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಇಟ್ಟರೆ ಯಂತ್ರ ತೆಗೆದುಕೊಳ್ಳುವುದೇ ಇಲ್ಲ. ಮೂರು ಸಲ ಆಟೋ ಮಾಡಿಕೊಂಡು ಹೋಗಿ ಬಂದೆವು. "ನಾನು ಸತ್ತಿದ್ದೇನೆ ಅಂತ ಮೆಷಿನ್ ಹೇಳ್ತದೆ" ಅಂತ ಅಮ್ಮ ಅಳುತ್ತಾರೆ.
– ನೆಲ್ಯಹುದಿಕೇರಿಯ ಓದುಗರು

ಈ ಪತ್ರ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮ ಆಫೀಸಿನ ಕಿಟಕಿಯ ಕಟ್ಟೆ ಮೇಲೆ ಒಂದು ತಗಡಿನ ಡಬ್ಬಿ ಇತ್ತು. ಒಳಗೆ ನೇರಳೆ ಶಾಯಿಯ ಪ್ಯಾಡು. ಶನಿವಾರ ಸಂಜೆ ಬಟವಾಡೆಗೆ, ಅಂದರೆ ವಾರದ ಕೂಲಿಗೆ, ಸಾಲು ನಿಂತವರಲ್ಲಿ ಸಹಿ ಹಾಕುವವರು ನಾಲ್ಕೋ ಐದೋ ಜನ, ಮಿಕ್ಕವರೆಲ್ಲ ಹೆಬ್ಬೆಟ್ಟು. ಕುಯ್ಲಿನ ಕಾಲದಲ್ಲಿ ಹೆಂಗಸರ ಬೆರಳಿಗೆ ಕಾಫಿ ಹಣ್ಣಿನ ಅಂಟು ಹತ್ತಿ ಕಪ್ಪಾಗಿ, ತುದಿ ಒಡೆದು, ಉಗುರಿನ ಸುತ್ತ ಚರ್ಮ ಎದ್ದಿರುತ್ತಿತ್ತು. ಮಳೆಗಾಲದಲ್ಲಿ ಕಳೆ ಕಿತ್ತು ಕಿತ್ತು ಅದೇ ಬೆರಳು ನೆನೆಸಿಟ್ಟ ಅವಲಕ್ಕಿಯ ಹಾಗೆ ಬೆಳ್ಳಗೆ. ಯಾವ ಕಾಲದಲ್ಲೂ ಪುಸ್ತಕದಲ್ಲಿ ಗೆರೆ ಮೂಡುತ್ತಿರಲಿಲ್ಲ, ಬರೀ ಒಂದು ನೇರಳೆ ಬೊಟ್ಟು.

ಒಂದು ವರ್ಷ ಲೆಕ್ಕ ತಪಾಸಣೆಗೆ ಬಂದ ಆಡಿಟರ್ ಆ ಪುಟ ನೋಡಿ ಕನ್ನಡಕ ತೆಗೆದರು. "ಏನ್ರೀ ರೈಟರೇ, ಇಷ್ಟಕ್ಕೂ ಒಬ್ಬರೇ ಒತ್ತಿದ್ದೀರಾ?" ಅಂದರೆ, ನಾನೇ ನನ್ನ ಹೆಬ್ಬೆಟ್ಟು ಒತ್ತಿ ಕೂಲಿ ಜೇಬಿಗಿಳಿಸಿದ್ದೇನೆ ಅಂತ. ಕಿವಿ ಬಿಸಿಯಾಯಿತು. ಮಾತಾಡದೆ ಹೊರಗೆ ಹೋಗಿ ತೂಕದ ಹತ್ತಿರ ನಿಂತಿದ್ದ ಐದು ಹೆಂಗಸರನ್ನು ಕರೆತಂದೆ. ಒಬ್ಬೊಬ್ಬರೂ ಅವರ ಎದುರಿಗೇ ಬಿಳಿ ಕಾಗದದ ಮೇಲೆ ಒತ್ತಿದರು. ಐದು ಬೊಟ್ಟು, ಐದೂ ಒಂದೇ ಥರ. ಆಡಿಟರ್ ಕೊನೆಯವಳ ಕೈ ತಿರುಗಿಸಿ ನೋಡಿದರು. ಆಮೇಲೆ ಪುಸ್ತಕ ಮುಚ್ಚಿದರು. ಕಾಫಿ ಕುಡಿಯುವಾಗಲೂ ಮಾತಾಡಲಿಲ್ಲ.

ಆದ್ದರಿಂದ ಅಮ್ಮನಿಗೆ ಹೇಳಿ, ತಪ್ಪು ಅವರ ಬೆರಳಿನದ್ದಲ್ಲ.

ಇನ್ನು ಮಾಡಬೇಕಾದ್ದು. ಹೆಬ್ಬೆಟ್ಟು ಒಂದನ್ನೇ ಹಿಡಿದು ಕೂರಬೇಡಿ, ಉಂಗುರದ ಬೆರಳು ಅಥವಾ ಕಿರುಬೆರಳು ಇಟ್ಟು ನೋಡಿ. ಕುಯ್ಯುವಾಗ ಅವೆರಡು ಕಡಿಮೆ ಸವೆಯುತ್ತವೆ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬೆಳಿಗ್ಗೆ ತೊಳೆದು ಒರೆಸಿಕೊಂಡು ಹೋದಾಗ ನಮ್ಮ ಪಕ್ಕದ ಮನೆಯವರದ್ದು ಹಿಡಿಯಿತು. ಅದೂ ಆಗದಿದ್ದರೆ ಬೆರಳಿನ ಗೊಡವೆಯೇ ಬಿಟ್ಟುಬಿಡಿ. ಈಗ ಜೀವನ್ ಪ್ರಮಾಣ್ ಅನ್ನುವ ಆ್ಯಪ್‌ನಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಮಾಡಬಹುದು. ನಿಮ್ಮದೇ ಫೋನು ಸಾಕು. ಜೊತೆಗೆ ಆಧಾರ್‌ನ ಫೇಸ್ ಆರ್‌ಡಿ ಅನ್ನುವ ಇನ್ನೊಂದು ಆ್ಯಪ್ ಹಾಕಿಕೊಳ್ಳಬೇಕು. ನಮ್ಮ ಮಳೆಗಾಲದ ಮನೆಯೊಳಗಿನ ಬೆಳಕಿನಲ್ಲಿ ಅದು ಮುಖವನ್ನೂ ಗುರುತಿಸುವುದಿಲ್ಲ, ಅಮ್ಮನನ್ನು ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿ. ಕಣ್ಣು ಮಿಟುಕಿಸಿ ಅನ್ನುತ್ತದೆ, ಆಗ ಮಿಟುಕಿಸಬೇಕು. ನನ್ನ ಹೆಂಡತಿಗೆ ನಗು ಬಂದು ಎರಡು ಸಲ ಕೆಟ್ಟಿತು. ಇದು ಕಷ್ಟವೆನಿಸಿದರೆ ಪೋಸ್ಟ್‌ಮ್ಯಾನ್‌ಗೆ ಹೇಳಿಡಿ, ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನದ್ದಿದೆ.

ಇನ್ನೊಂದು. ಪಿ.ಎಫ್. ಪಿಂಚಣಿಯವರು ನವೆಂಬರಿನಲ್ಲೇ ಕೊಡಬೇಕೆಂದಿಲ್ಲ. ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ ಹನ್ನೆರಡು ತಿಂಗಳು ನಡೆಯುತ್ತದೆ. ಮಳೆ ಬಿಟ್ಟು ರಸ್ತೆ ಒಣಗಿದ ಮೇಲೆ, ಜನವರಿಯಲ್ಲಿ ಒಂದು ದಿನ ಗೊತ್ತು ಮಾಡಿಕೊಂಡರೆ ಆಟೋ ಖರ್ಚಾದರೂ ಕಡಿಮೆಯಾಗುತ್ತದೆ.

ಪೊಲೀಸ್ ಸಮವಸ್ತ್ರ ಹಾಕಿದವನೊಬ್ಬ ವಿಡಿಯೊ ಕರೆ ಮಾಡಿ, ನಿಮ್ಮ ಪಿಂಚಣಿ ಖಾತೆಯಿಂದ ಕಳ್ಳ ವ್ಯವಹಾರ ನಡೆದಿದೆ, ಫೋನ್ ಇಡಬೇಡಿ, ನೀವು ಈಗ ಬಂಧನದಲ್ಲಿದ್ದೀರಿ ಎಂದ. ನಿಜ ಇರಬಹುದೇ?
– ಪೊನ್ನಂಪೇಟೆ ಓದುಗರು

ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಕೆಂಪು ಗುಂಡಿ ಒತ್ತಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮಗ ಬೆಂಗಳೂರಿಂದ ಬರಲಿ ಅಂತ ಕಾಯಬೇಡಿ. ಹಣ ಹೋಗದಿದ್ದರೆ ಒಂದು ಲೋಟ ಕಾಫಿ ಕುಡಿಯಿರಿ.

ಹಿಂದೊಮ್ಮೆ ಈ ಅಂಕಣದಲ್ಲಿ "ನಮ್ಮ ಮನೆಯಲ್ಲಿ ಈಗಲೂ ಶನಿವಾರ ಬಟವಾಡೆ" ಅಂತ ಬರೆದಿದ್ದಿರಿ. ತಮಾಷೆಗೋ ನಿಜಕ್ಕೋ? ನನ್ನ ಪಿಂಚಣಿ ತಿಂಗಳ ಹದಿನೈದಕ್ಕೇ ಖಾಲಿ. ಕೆಲಸದಲ್ಲಿದ್ದಾಗ ಹೀಗಾಗುತ್ತಿರಲಿಲ್ಲ.
– ನಿವೃತ್ತ ಕಂಡಕ್ಟರ್, ಗೋಣಿಕೊಪ್ಪ

ನಿಜಕ್ಕೇ ಮಾರಾಯ್ರೆ. ನಿಮ್ಮ ಹದಿನೈದು, ನನ್ನದು ಹನ್ನೆರಡನೇ ತಾರೀಖಿಗೇ ಮುಗಿಯುತ್ತಿತ್ತು.

ತೋಟದಲ್ಲಿ ಹಣಕ್ಕೆ ಒಂದು ನಡೆ ಇತ್ತು. ಗುರುವಾರ ಚೆಕ್‌ರೋಲ್ ಕೂಡಿಸುವುದು. ಶುಕ್ರವಾರ ಬೆಳಿಗ್ಗೆ ನೋಟಿನ ಪಟ್ಟಿ ಹಿಡಿದು ಜೀಪಿನಲ್ಲಿ ಬ್ಯಾಂಕಿಗೆ. ನೂರರದು ಎಷ್ಟು, ಹತ್ತರದು ಎಷ್ಟು, ಎರಡರದು, ಒಂದರದು, ಎಂಟಾಣೆ ನಾಲ್ಕಾಣೆ ಎಷ್ಟು. ಒಂದರ ನೋಟು ಕಡಿಮೆ ಬಿದ್ದರೆ ಶನಿವಾರ ನನ್ನ ಕಥೆ ಮುಗಿಯಿತು, ಚಿಲ್ಲರೆ ಬದಲಿಗೆ ಬೆಂಕಿಪೊಟ್ಟಣ ಕೊಟ್ಟು ಬೈಸಿಕೊಂಡದ್ದೂ ಇದೆ. ಶನಿವಾರ ನಾಲ್ಕಕ್ಕೆ ಆಫೀಸಿನ ಮುಂದೆ ತೂಗುಹಾಕಿದ್ದ ರೈಲುಪಟ್ಟಿಯ ತುಂಡಿಗೆ ಮೇಸ್ತ್ರಿ ಢಣ್ ಢಣ್ ಅಂತ ಹೊಡೆಯುತ್ತಿದ್ದ. ಆರು ಗಂಟೆಗೆ ನನ್ನ ಪೆಟ್ಟಿಗೆ ಖಾಲಿ. ಭಾನುವಾರ ಸಿದ್ದಾಪುರದ ಸಂತೆ. ಸೋಮವಾರ ಬೆಳಿಗ್ಗೆ ಆ ಹಣ ಯಾರ ಕೈಯಲ್ಲೂ ಇಲ್ಲ. ಮೀನು, ಮೆಣಸಿನಕಾಯಿ, ಮಕ್ಕಳ ಚಡ್ಡಿ, ಸೀಮೆಎಣ್ಣೆ, ಕೆಲವರದ್ದು ಸಾರಾಯಿ. ಆದರೆ ಆರು ದಿನ ದಾಟಿದರೆ ಮತ್ತೆ ಗಂಟೆ ಹೊಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು.

ನಿವೃತ್ತಿಯಾದ ಮೇಲಿನ ಮೊದಲ ಶನಿವಾರ ಮೂರೂಮುಕ್ಕಾಲಿಗೆ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. "ಎಲ್ಲಿಗೆ?" ಅಂದಳು ಹೆಂಡತಿ. ಉತ್ತರ ಇರಲಿಲ್ಲ. ಪೇಟೆಗೆ ಹೋಗಿ ಬೇಡದ ಒಂದು ಟಾರ್ಚು ತಂದೆ.

ಆ ವರ್ಷವೆಲ್ಲ ಹಾಗೇ ಹೋಯಿತು. ಪಿ.ಎಫ್. ಪಿಂಚಣಿ ನನಗೆ ಬರುವುದು ಎರಡು ಸಾವಿರ ಚಿಲ್ಲರೆ. ಬಂದ ದಿನವೇ ಪೂರ್ತಿ ತೆಗೆಯುವುದು, ಮೂರು ತಿಂಗಳ ಬಡ್ಡಿ ಬಂದರೆ ಅದನ್ನೂ ತೆಗೆಯುವುದು. ಜೇಬಿನಲ್ಲಿ ಹಣ ಇದ್ದ ದಿನ ಯಾರಿಗೆ ಬೇಕಾದರೂ ಕಾಫಿ ಕುಡಿಸುವೆ, ಇಲ್ಲದ ದಿನ ಹಾಲಿನವನ ಮೇಲೆ ರೇಗುವೆ. ಒಂದು ದಿನ ಹೆಂಡತಿ ಲೆಕ್ಕದ ಹಳೇ ಪುಸ್ತಕ ತಂದು ಮೇಜಿನ ಮೇಲಿಟ್ಟಳು. "ಊರಿಗೆಲ್ಲ ವಾರವಾರ ಎಣಿಸಿ ಕೊಟ್ಟಿರಲ್ಲ, ನಮಗೂ ಹಾಗೇ ಕೊಡಿ."

ಅಲ್ಲಿಂದ ಇಲ್ಲಿಯವರೆಗೆ ಒಂದು ಶನಿವಾರ ತಪ್ಪಿಲ್ಲ. ವರ್ಷದ ಒಟ್ಟು ಬರುವುದನ್ನು ಕೂಡಿಸುತ್ತೇನೆ. ಪಿಂಚಣಿ, 2023ರ ಜೂನ್‌ನಲ್ಲಿ ಹಿರಿಯರ ಯೋಜನೆಯಲ್ಲಿ ಇಟ್ಟ ನಾಲ್ಕು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ಬರುವ 8,200, ಮೈಸೂರಿನ ಮಗ ಕಳಿಸುವುದು, ಮೂವರು ಸಣ್ಣ ಬೆಳೆಗಾರರ ಲೆಕ್ಕ ಬರೆದುಕೊಟ್ಟದ್ದಕ್ಕೆ ಸಿಗುವುದು. ಅದರಲ್ಲಿ ವರ್ಷಕ್ಕೊಮ್ಮೆ ಬಂದು ಬಾಯಿ ತೆರೆಯುವ ಖರ್ಚುಗಳನ್ನು ಮೊದಲೇ ತೆಗೆದಿಡುತ್ತೇನೆ: ಮನೆ ಕಂದಾಯ, ಮಳೆಗೆ ಮುಂಚೆ ಹೆಂಚು ಸರಿಮಾಡಿಸುವುದು, ಮೇ ತಿಂಗಳಿನಲ್ಲಿ ಸೌದೆ, ಹುತ್ತರಿಗೆ ಮಕ್ಕಳು ಬಂದಾಗಿನ ಖರ್ಚು. ಉಳಿದದ್ದನ್ನು ಐವತ್ತೆರಡರಿಂದ ಭಾಗಿಸಿದರೆ ವಾರದ ಬಟವಾಡೆ. ಬ್ಯಾಂಕಿನಿಂದ ತಿಂಗಳಿಗೊಮ್ಮೆ ತರುತ್ತೇನೆ, ಆದರೆ ಅದು ನನ್ನ ಹಳೇ ತಗಡಿನ ಪೆಟ್ಟಿಗೆಯಲ್ಲಿರುತ್ತದೆ, ಜೇಬಿನಲ್ಲಲ್ಲ. ಶನಿವಾರ ನಾಲ್ಕಕ್ಕೆ ಮನೆಖರ್ಚಿನ ಹಣ ಅವಳಿಗೆ, ಇನ್ನೂರು ನನಗೆ, ಇನ್ನೂರು ಅವಳ ಸ್ವಂತಕ್ಕೆ. ಇಬ್ಬರೂ ಸಹಿ ಹಾಕುತ್ತೇವೆ. ಅವಳ ಇನ್ನೂರು ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಬಾರದು, ಅದು ಒಪ್ಪಂದ. ಹೋದ ಹುತ್ತರಿಗೆ ಹದಿನೆಂಟು ಜನ ನೆಂಟರಿದ್ದರು, ಓವರ್‌ಟೈಮ್ ಕೊಡಿ ಅಂತ ಹಟ ಹಿಡಿದಳು. ಕೊಟ್ಟೆ. ಚೆಕ್‌ರೋಲಿನಲ್ಲಿ ನಮೂದಾಗಿದೆ.

ನಿಮಗೂ ಅದೇ ಹೇಳುತ್ತೇನೆ. ನೀವು ದಿನಾ ಸಂಜೆ ಟಿಕೆಟಿನ ಲೆಕ್ಕ ಹೊಂದಿಸಿ ಡಿಪೋದಲ್ಲಿ ಹಣ ಕಟ್ಟಿದವರು. ಚೀಲದಲ್ಲಿ ಎಷ್ಟಿದೆ ಅಂತ ನೋಡದೆಯೇ ಹೇಳಬಲ್ಲವರು. ನಿಮ್ಮ ಕೈಗೆ ಆ ಕೆಲಸ ಮತ್ತೆ ಕೊಡಿ. ವಾರ ಅಲ್ಲದಿದ್ದರೆ ದಿನದ ಲೆಕ್ಕ ಇಟ್ಟುಕೊಳ್ಳಿ, ಆ ಚರ್ಮದ ಚೀಲ ಎಸೆದಿರದಿದ್ದರೆ ಅದರಲ್ಲೇ.

ಗಂಡ ತೀರಿಕೊಂಡು ಐದು ತಿಂಗಳಾಯಿತು. ಅವರಿಗೆ ಪಿ.ಎಫ್. ಪಿಂಚಣಿ ಬರುತ್ತಿತ್ತು. ನನಗೆ ಬರುತ್ತದೆಯೇ? ಅರ್ಜಿ ಕೊಡಲು ಹೋದರೆ ಹೆಸರು ತಾಳೆಯಾಗುವುದಿಲ್ಲ ಅಂತ ತಿರುಗಿ ಕಳಿಸಿದರು. ಹಣದ ವಿಷಯ ನಾನು ಯಾವತ್ತೂ ನೋಡಿದವಳಲ್ಲ.
– ಶನಿವಾರಸಂತೆ ಓದುಗರು

ಬರುತ್ತದೆ ಅಕ್ಕ. ಅವರಿಗೆ ಬರುತ್ತಿದ್ದುದರ ಅರ್ಧ ನಿಮಗೆ, ಅರ್ಧ ಎಷ್ಟೇ ಆದರೂ ತಿಂಗಳಿಗೆ ಸಾವಿರಕ್ಕಿಂತ ಕಡಿಮೆ ಇರುವುದಿಲ್ಲ. ಅರ್ಜಿಗೆ 10-ಡಿ ನಮೂನೆ ಅಂತ ಹೆಸರು. ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ನಿಮ್ಮ ಬ್ಯಾಂಕ್ ಪಾಸ್‌ಬುಕ್, ಅವರ ಪಿಂಚಣಿ ಆದೇಶದ ಕಾಗದ ಒಟ್ಟಿಗೆ ಇಡಿ. ಆ ಆದೇಶದಲ್ಲಿ ಒಂದು ಪಿ.ಪಿ.ಓ. ಸಂಖ್ಯೆ ಇರುತ್ತದೆ, ಅದನ್ನು ಕ್ಯಾಲೆಂಡರಿನ ಹಿಂದೆಯೂ ಬರೆದಿಡಿ.

ಹೆಸರಿನ ವಿಷಯಕ್ಕೆ ಬಂದರೆ, ತಪ್ಪು ನಮ್ಮಂಥ ರೈಟರುಗಳದ್ದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೆಸರು ಕೇಳಿದರೆ ಅವರು ಹೇಳುವುದು, ನಾನು ಕಿವಿಗೆ ಬಿದ್ದ ಹಾಗೆ ಬರೆಯುವುದು. ಮಲಯಾಳಂನವರ ಹೆಸರು ನನ್ನ ಕೈಯಲ್ಲಿ ಕನ್ನಡವಾಯಿತು, ತುಳುವಿನವರದ್ದು ಇನ್ನೇನೋ ಆಯಿತು. ಮನೆತನದ ಹೆಸರು ಮೊದಲು ಬರುವವರದ್ದನ್ನು ಬ್ಯಾಂಕಿನವರು ಹಿಂದೆ ಮಾಡಿದರು, ಆಧಾರ್‌ನವರು ಬರೀ ಅಕ್ಷರ ಮಾಡಿದರು. ವಯಸ್ಸು ಕೇಳಿದರೆ "ದೊಡ್ಡ ನೆರೆ ಬಂದ ವರ್ಷ ಹುಟ್ಟಿದ್ದು" ಅನ್ನುತ್ತಿದ್ದರು, ನಾನು ಮುಖ ನೋಡಿ ಒಂದು ಅಂಕಿ ಹಾಕುತ್ತಿದ್ದೆ. ನಾನು ಹಾಕಿದ ಅಂಥ ಒಂದು ಅಂಕಿಯಿಂದಾಗಿ ನಮ್ಮ ತೋಟದ ಒಬ್ಬಳಿಗೆ ಪಿಂಚಣಿ ಶುರುವಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ನೀವು ಮೊದಲು ಮಾಡಬೇಕಾದ್ದು: ಆಧಾರ್‌ನಲ್ಲಿ ಯಾವ ಹೆಸರಿದೆಯೋ ಅದೇ ಅಕ್ಷರ, ಅದೇ ಕ್ರಮದಲ್ಲಿ ಪಾಸ್‌ಬುಕ್ಕಿಗೂ ಮಾಡಿಸಿ. ಆಧಾರೇ ತಪ್ಪಿದ್ದರೆ ಅದನ್ನು ಮೊದಲು. ಗಂಡನ ದಾಖಲೆಯಲ್ಲಿ ವ್ಯತ್ಯಾಸ ಇದ್ದರೆ ಅವರು ಕೆಲಸ ಮಾಡಿದ ಕಡೆಯಿಂದ "ಈ ಎರಡೂ ಹೆಸರು ಒಬ್ಬರದೇ" ಅನ್ನುವ ಪತ್ರ ಕೇಳಿ. ಅಲ್ಲಿ ಹಳೇ ರೈಟರ್ ಯಾರಾದರೂ ಬದುಕಿದ್ದರೆ ಅವರನ್ನು ಹಿಡಿಯಿರಿ, ನಾಚಿಕೆಯಿಂದಲಾದರೂ ಓಡಾಡಿ ಮಾಡಿಸಿಕೊಡುತ್ತಾರೆ. ಮತ್ತೆ, ಒಬ್ಬರೇ ಹೋಗಬೇಡಿ. ಓದಿದ ಹುಡುಗಿ ಒಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ, ಆದರೆ ಕಾಗದದ ಚೀಲ ನಿಮ್ಮ ಕೈಯಲ್ಲೇ ಇರಲಿ.

ರೈಟರೇ, ನಿಮ್ಮ ದೊರೆಗಳ ಕಾಲ ಒಳ್ಳೆಯದಿತ್ತೋ, ಈಗಿನ ಕಾಫಿ ರೇಟಿನ ಕಾಲವೋ? ನಮ್ಮಪ್ಪ ಪೂಲಿಗೆ ಕಾಫಿ ಹಾಕಿ ಕಾಯುತ್ತಿದ್ದರು, ಆಗ... (ಮುಂದೆ ಶಾಯಿ ಹರಡಿದೆ)
– ನಾಪೋಕ್ಲು ಕಡೆಯ ಬೆಳೆಗಾರರು

ನಿಮ್ಮ ತಂದೆಯವರ ಕಾಯುವಿಕೆ ನನಗೆ ಗೊತ್ತು. ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗಬೇಕಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಈ ವರ್ಷದ ಬೆಳೆಯ ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆ ಕಣದಲ್ಲಿ ಒಣಗುತ್ತಿರುತ್ತಿತ್ತು. ಕಂತು ಬಂದ ದಿನ ನಮ್ಮ ಯಜಮಾನರು ಆಫೀಸಿಗೆ ಬರುವ ಬೂಟಿನ ಸದ್ದೇ ಬೇರೆ. 1992ರಿಂದ ಸ್ವಲ್ಪ ಸ್ವಲ್ಪ ಸಡಿಲವಾಗಿ 1996ಕ್ಕೆ ಪೂಲು ಮುಗಿಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ರೇಟು ಏರಿದಾಗ, ನಕ್ಷೆಯಲ್ಲಿ ಬ್ರೆಜಿಲ್ ಎಲ್ಲಿದೆ ಅಂತ ಗೊತ್ತಿಲ್ಲದವರೂ ಸುಂಟಿಕೊಪ್ಪದ ಹೋಟೆಲಿನಲ್ಲಿ ಕೂತು ಅಲ್ಲಿನ ಚಳಿಯ ಬಗ್ಗೆ ಮಾತಾಡಿದರು. 2001–02ರಲ್ಲಿ ಅದೇ ಕಾಫಿಗೆ ಕುಯ್ದ ಕೂಲಿ ಹುಟ್ಟಲಿಲ್ಲ. ನಮ್ಮಲ್ಲಿ ಎರಡು ಶನಿವಾರ ಬಟವಾಡೆ ತಡವಾಯಿತು. ಗಂಟೆ ಹೊಡೆಯಬೇಡ ಅಂತ ಮೇಸ್ತ್ರಿಗೆ ನಾನೇ ಹೇಳಿದೆ. ಗಂಟೆ ಹೊಡೆಯದಿದ್ದರೂ ನಾಲ್ಕಕ್ಕೆ ಎಲ್ಲರೂ ಬಂದು ನಿಂತಿದ್ದರು.

2024ರಲ್ಲಿ ರೊಬಸ್ಟಾ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಐವತ್ತು ಕೆ.ಜಿ. ಮೂಟೆಗೆ ಹತ್ತು ಸಾವಿರ ದಾಟಿದಾಗ ನಾನು ಪೇಪರು ಎರಡು ಸಲ ಓದಿದೆ. ನನ್ನ ಕೊನೆಯ ಸಂಬಳ ಒಂದು ಮೂಟೆಗೂ ಸಾಲುವುದಿಲ್ಲ. ಯಾವ ಕಾಲ ಒಳ್ಳೆಯದು ಅಂತ ಮೂಟೆ ಇದ್ದವರು ಹೇಳಬೇಕು. ಪತ್ರದ ಉಳಿದರ್ಧ ಇನ್ನೊಮ್ಮೆ ಬರೆಯಿರಿ, ಬಾಲ್‌ಪೆನ್ನಿನಲ್ಲಿ.

ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಬಂದವನು. ಸ್ನೇಹಿತರು ಸೇರಿದರೆ ಹಳೆಯ ಮಾತು ಮುಗಿಯುವುದಿಲ್ಲ. ಮನೆಯಲ್ಲಿ ಬಾಯಿ ತೆರೆದರೆ ಮೊಮ್ಮಕ್ಕಳು ಫೋನು ತೆಗೆಯುತ್ತಾರೆ.
– ನಿವೃತ್ತ ಹವಾಲ್ದಾರ್, ಶ್ರೀಮಂಗಲ

ನಿಮ್ಮ ಕಥೆಗೇ ಹೀಗಾದರೆ, ಗೊಬ್ಬರದ ಮೂಟೆ ಎಣಿಸಿದವನ ಕಥೆ ಯಾರು ಕೇಳುತ್ತಾರೆ ಹವಾಲ್ದಾರ್ರೇ! ನನ್ನ ಮೊಮ್ಮಗನೂ ಕೇಳುತ್ತಿರಲಿ‌ಲ್ಲ. ಒಂದು ದಿನ ಅವನ ಕೈಗೆ ನನ್ನ ಹಳೇ ನೋಟಿನ ಪಟ್ಟಿ ಸಿಕ್ಕಿತು. "ಎರಡು ರೂಪಾಯಿ ನೋಟು ಇತ್ತಾ ತಾತ? ಎಂಥ ಸಿಗುತ್ತಿತ್ತು ಅದಕ್ಕೆ?" ಅಂತ ಶುರು ಮಾಡಿದವನು ಊಟದವರೆಗೆ ಬಿಡಲಿಲ್ಲ. ನೀವು ಯುದ್ಧ ಹೇಳಬೇಡಿ. ಟ್ರಂಕ್ ತೆಗೆಯಿರಿ. 56 ಎಪಿಒ ಅಂತ ಸೈನ್ಯದ ಅಂಚೆಯ ವಿಳಾಸ ಇರುವ ಒಂದು ಇನ್‌ಲ್ಯಾಂಡ್ ಲೆಟರ್ ಮೇಜಿನ ಮೇಲೆ ಮರೆತಿಟ್ಟ ಹಾಗೆ ಇಡಿ. ಊರಿನ ಹೆಸರಿಲ್ಲದ ವಿಳಾಸಕ್ಕೆ ಕಾಗದ ಹೇಗೆ ತಲುಪುತ್ತಿತ್ತು ಅಂತ ಅವರೇ ಕೇಳುತ್ತಾರೆ. ರಜೆಯಲ್ಲಿ ಮಡಿಕೇರಿಗೆ ಕರೆದುಕೊಂಡು ಹೋಗಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ತೋರಿಸಿ. 2021ರಿಂದ ಅದು ಮ್ಯೂಸಿಯಂ. ನಾನು ತೋಟದ ಜೀಪಿನ ಕಾಗದ ಹಿಡಿದು ಅಲೆಯುತ್ತಿದ್ದಾಗ ಆ ಮನೆಯಲ್ಲಿ ಆರ್‌ಟಿಒ ಕಚೇರಿ ಇತ್ತು. ಜನರಲ್ ಸಾಹೇಬರ ಮನೆಯ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದ ಬುತ್ತಿ ಉಂಡಿದ್ದೇನೆ ಅಂತ ನಾನೂ ಈಗ ಜಂಬ ಕೊಚ್ಚುತ್ತೇನೆ.

ನಾನು ಕುಶಾಲನಗರದ ಒಂದು ಬ್ಯಾಂಕಿನಲ್ಲಿ ಹೊಸದಾಗಿ ಸೇರಿದವನು. ಹಿರಿಯರು ವಾರಕ್ಕೆರಡು ಸಲ ಪಾಸ್‌ಬುಕ್ ಪ್ರಿಂಟ್ ಮಾಡಿಸಲು ಬಂದು ಸಾಲು ನಿಲ್ಲುತ್ತಾರೆ. ಎಷ್ಟೋ ಸಲ ಹೊಸ ನಮೂದು ಒಂದೂ ಇರುವುದಿಲ್ಲ. ಫೋನಿನಲ್ಲೇ ನೋಡಬಹುದು ಅಂದರೆ ಕೇಳುವುದಿಲ್ಲ. ಯಾಕೆ ಸಾರ್?

ತಮ್ಮಾ, ಆ ಸಾಲಿನಲ್ಲಿ ಕಪ್ಪು ಕೊಡೆ, ಖಾದಿ ಚೀಲದವನೊಬ್ಬ ಇದ್ದರೆ ಅದು ನಾನೇ ಇರಬೇಕು.

ಫೋನಿನಲ್ಲಿ ಹಣ ಕಾಣುತ್ತದೆ, ಸದ್ದು ಬರುವುದಿಲ್ಲ. ಆ ಯಂತ್ರದ ಕರ್ರ್ ಕರ್ರ್ ಸದ್ದಿಗೆ ನಾವು ನಾಲ್ಕು ಜನ ತಲೆಯೆತ್ತುತ್ತೇವೆ, ಪಕ್ಕದವರದ್ದು ಎಷ್ಟು ಸಾಲು ಬಂತು ಅಂತ ಕಿವಿಯಲ್ಲೇ ಎಣಿಸುತ್ತೇವೆ. ನಿಮ್ಮ ಬೆಂಚಿನ ಮೇಲೆ ಕೂತರೆ ಯಾರ ಮಂಡಿ ನೋವು ಹೆಚ್ಚಾಯಿತು, ಯಾರ ಮಗಳು ಬಂದಳು, ಬೆಟ್ಟದ ಮೇಲೆ ಮಳೆ ಜಾಸ್ತಿ ಅಂತ ಮನೆ ಮಾರಿ ಇಲ್ಲಿಗೆ ಇಳಿದವರು ಯಾರು, ಎಲ್ಲ ಗೊತ್ತಾಗುತ್ತದೆ. ಹೊಸ ನಮೂದು ಇಲ್ಲ ಅಂತ ನಿಮ್ಮ ಯಂತ್ರ ಹೇಳಿದರೆ ನಂಬಬೇಡಿ.

ನಿಮ್ಮ ಪತ್ರದಲ್ಲಿ ಸಿಟ್ಟಿಲ್ಲ, ಅದು ಚೆನ್ನಾಗಿದೆ. ಹೋದ ವಾರ ಶಾಯಿ ಮಂಕಾಗಿ ನನ್ನ ಬಡ್ಡಿಯ ಸಾಲು ಓದಲಿಕ್ಕೇ ಆಗಲಿಲ್ಲ. ಬರುವ ಮಂಗಳವಾರ ಸಂತೆ ಮುಗಿಸಿ ಹನ್ನೊಂದರ ಮೇಲೆ ಬರುತ್ತೇನೆ. ಅಷ್ಟರೊಳಗೆ ಹೊಸ ರಿಬ್ಬನ್ ಹಾಕಿಸಿಡಿ.